ಎರಡನೆಯ ಸಲವೂ ಅದೇ ಉತ್ತರ

ಮುಧೋಳದ ಸಂಘಮಿತ್ರಾ ಬರೆದ ಹಾಳೆಯಲ್ಲಿ ಕಾಟು ಹೊಡೆದ ಅಂಕಿ ಒಂದೂ ಇರುತ್ತಿರಲಿಲ್ಲ. ಮೇಲಿನವರು ಇದನ್ನು ಹೊಗಳಿಕೆಯಾಗಿ ಹೇಳುತ್ತಿದ್ದರು, ಅವಳೂ ಹಾಗೆಯೇ ತೆಗೆದುಕೊಳ್ಳುತ್ತಿದ್ದಳು. ತಂದೆ ಗಂಗಾರಾಮ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಗಂಟೆ ಬಾರಿಸಿದವನು. ಆ ಗಂಟೆ ಒಂದು ದಿನವೂ ಒಂದು ನಿಮಿಷ ಹಿಂದೆಮುಂದೆ ಆಗಿದ್ದಿಲ್ಲ. ಮಗಳಿಗೆ ಬಂದ ಆಸ್ತಿ ಆ ಶಿಸ್ತೊಂದೇ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಎಲ್ಲೆಲ್ಲೋ ಆರೆಂಟು ತಿಂಗಳ ಕೆಲಸ ಮಾಡಿ, ಮೂವತ್ತೊಂದನೆಯ ವಯಸ್ಸಿಗೆ ಜಮಖಂಡಿಯ ಒಂದು ಸಣ್ಣ ಸಂಸ್ಥೆಗೆ ಸೇರಿದಳು.

ಆ ಸಂಸ್ಥೆ ಒಂದು ಪ್ರಶ್ನಪಟ್ಟಿಯನ್ನು ಪರೀಕ್ಷೆಗೆ ಹಚ್ಚಿತ್ತು. ಮನಸ್ಸು ಕುಗ್ಗಿದವರನ್ನು ಗುರುತಿಸಲು ಒಂಬತ್ತು ಪ್ರಶ್ನೆ. ಕಳೆದ ಹದಿನೈದು ದಿನಗಳಲ್ಲಿ ನಿದ್ದೆ ಹೇಗಿತ್ತು, ಊಟ ಸೇರಿತೇ, ಮಾಡುವ ಕೆಲಸದಲ್ಲಿ ಮನಸ್ಸು ಇತ್ತೇ, ಹೀಗೆ. ಒಂದು ದಿನವೂ ತೊಂದರೆ ಇಲ್ಲವೆಂದರೆ ಸೊನ್ನೆ, ದಿನಾಲೂ ಇತ್ತೆಂದರೆ ಮೂರು, ನಡುವಿನದಕ್ಕೆ ನಡುವಿನ ಅಂಕಿ. ಒಟ್ಟು ಹತ್ತು ದಾಟಿದವರನ್ನು ಡಾಕ್ಟರರ ಹತ್ತಿರ ಕಳಿಸಬೇಕು. ಒಂಬತ್ತನೆಯ ಪ್ರಶ್ನೆ ಬದುಕು ಸಾಕೆನಿಸಿತೇ ಎಂಬುದು. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಅದೇ ದಿನ ಫೋನು ಮಾಡಬೇಕು.

ಮೇಲ್ವಿಚಾರಕ ಪರಮಾನಂದ ಸರ್ ತರಬೇತಿಯ ದಿನ ತಕ್ಕಡಿಯ ಉದಾಹರಣೆ ಕೊಟ್ಟರು.

"ಒಂದs ವಸ್ತು ಎರಡು ಸಲ ತೂಗಿದರ ಎರಡೂ ಸಲ ಅಷ್ಟs ತೂಕ ಬರಬೇಕು. ಹಂಗ ಬಂದರ ತಕ್ಕಡಿ ನಂಬಬಹುದು. ಅದಕ್ಕ ಹದಿನೈದು ದಿನ ಬಿಟ್ಟು ಅದs ಮಂದೀನ್ನ ಮತ್ತ ಕೇಳಬೇಕು. ಯಾರದು ಹೆಚ್ಚು ಕೂಡಿ ಬರತಾವ, ಅವರು ಛಲೋ ಕೇಳ್ಯಾರ ಅಂತ ತಿಳಕೋತೀವಿ. ಅವರನ್ನ ಮುಂದೂ ಇಟಗೋತೀವಿ."

"ಸರ್, ತಕ್ಕಡ್ಯಾಗ ಇಟ್ಟಿದ್ದು ಏನು ಅನ್ನೋದು?" ಎಂದು ಸಂಘಮಿತ್ರಾ ಕೇಳಿದ್ದಳು.

"ಅದು ಮುಂದಿನ ವರ್ಷ ನೋಡೋಣ ತಂಗಿ. ಮೊದಲು ತಕ್ಕಡಿ ನೋಡೋಣ."

ಅವಳ ಪಾಲಿಗೆ ಬನಹಟ್ಟಿಯ ಒಂದು ಓಣಿ ಬಂತು. ನಲವತ್ತು ಮನೆ, ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಪವರಲೂಮು. ಕರೆಂಟು ಇರುವಷ್ಟು ಹೊತ್ತು ಓಣಿಯ ಗೋಡೆಗಳೇ ಬಡಿದುಕೊಳ್ಳುತ್ತಿದ್ದವು. ಆ ಸಪ್ಪಳದಲ್ಲಿ ಕೂಗಿ ಮಾತಾಡಿ ಪ್ರಯೋಜನವಿಲ್ಲ ಎಂದು ಅಲ್ಲಿಯ ಜನ ಯಾವಾಗಲೋ ತಿಳಿದುಕೊಂಡಿದ್ದರು. ಬೆರಳು ತೋರಿಸಿದರೆ ಎಷ್ಟು ಎಂದು, ಹುಬ್ಬು ಏರಿಸಿದರೆ ಏನು ಎಂದು ಅರ್ಥ. ಸಂಘಮಿತ್ರಾ ಕರೆಂಟು ಹೋಗುವ ಹೊತ್ತು ತಿಳಿದುಕೊಂಡು ಆಗಲೇ ಹೋಗುತ್ತಿದ್ದಳು.

ಮೊದಲ ಸುತ್ತಿನಲ್ಲಿ ಅವಳಿಗೆ ದಾರಿ ಮಾಡಿಕೊಟ್ಟವನು ಅಂದಾನೆಪ್ಪ. ಐವತ್ತೆಂಟರ ಜಾಬರ, ಎಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಅವನು ಮಗ್ಗವನ್ನು ಬಿಚ್ಚಿ ನೋಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಎರಡು ನಿಮಿಷ ಸಪ್ಪಳ ಕೇಳುತ್ತಿದ್ದ. ಆಮೇಲೆ ಇಂಥಾ ಕಡೆ ಸವೆದಿದೆ ಎಂದು ಹೇಳಿ, ಚೀಲದಿಂದ ಬೋಲ್ಟು ತಿರುವುವ ಪಾನಾ ತೆಗೆದು ನೇರ ಅಲ್ಲಿಗೇ ಕೈ ಹಾಕುತ್ತಿದ್ದ. ಅವನ ಮಾತು ಓಣಿಯಲ್ಲಿ ನಡೆಯುತ್ತಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ. ಮನಸ್ಸಿನ ರೋಗ ಕಾಗದದ ಮ್ಯಾಲೆ ಹಿಡಿಯಾವರು ನೀವು ಹೌದಲ್ಲ?"

"ಹಿಡ್ಯೂದಿಲ್ಲ ಕಾಕಾ. ಕೇಳಿ ಬರಕೋತೇವಿ ಅಷ್ಟ."

"ಮಗ್ಗಕ್ಕ ಏನಾಗೇತಿ ಅಂತ ಮಗ್ಗಾನ ಕೇಳಿದರ ಹೇಳತೈತೇನು?"

"ಮಗ್ಗಕ್ಕ ಬಾಯಿಲ್ಲರಿ."

"ಬಾಯಿ ಐತಿ ಅಂತ ಮನಶ್ಯಾ ಹೇಳತಾನೇನು?" ಎಂದು ಅವಳ ಬಾಯಿಯನ್ನೇ ನೋಡುತ್ತ ನಕ್ಕ. ಅವನ ಹೆಂಡತಿ ಮರೆವ್ವ ಚಹಾ ತಂದಿಟ್ಟಳು. ಹುಡುಗಿ ಯಾರ ಮಗಳು, ಯಾವ ಕೇರಿಯವಳು ಎಂದು ಕೇಳಲಿಲ್ಲ. ಬೇರೆ ಮೂರು ಮನೆಗಳಲ್ಲಿ ಕೇಳಿದ್ದರು. ಸಂಘಮಿತ್ರಾ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಅವನ ಉತ್ತರಗಳು ಸರಳವಾಗಿದ್ದವು. ನಿದ್ದೆಗೆ ಒಂದು, ಉಳಿದ ಎಂಟಕ್ಕೂ ಸೊನ್ನೆ. ಎದ್ದು ಹೊರಡುವಾಗ ಅವಳು ಆಡಬಾರದ ಒಂದು ಮಾತು ಆಡಿದಳು. ಅದು ಆಡಬಾರದ ಮಾತೆಂದು ಅವಳಿಗೆ ಅನಿಸಲೂ ಇಲ್ಲ.

"ಹದಿನೈದು ದಿನ ಬಿಟ್ಟು ಮತ್ತ ಬರತೇನ್ರಿ ಕಾಕಾ. ಎರಡೂ ಸಲದ ಉತ್ತರ ಕೂಡಿ ಬಂದರ ನನ್ನ ಕೆಲಸ ಉಳೀತೈತಿ."

"ಹಿಂಗೇನು?" ಎಂದ ಅಂದಾನೆಪ್ಪ. "ಹಂಗಾರ ಚಿಂತಿ ಬಿಡ್ರಿ. ಇಲ್ಲೆ ಯಾರೂ ಮಾತು ಬದಲಸೂದಿಲ್ಲ."

ಎರಡನೆಯ ಸುತ್ತು ದಸರೆಗೆ ಹತ್ತು ದಿನ ಇರುವಾಗ ಸುರುವಾಯಿತು. ಮೊದಲ ದಿನ ಎಂಟು ಮನೆ, ಎಂಟೂ ಕೂಡಿ ಬಂದವು. ಎರಡನೆಯ ದಿನ ಒಂಬತ್ತು ಮನೆ, ಒಂಬತ್ತೂ ಕೂಡಿ ಬಂದವು. ಮುಧೋಳದ ಬಸ್ಸಿನಲ್ಲಿ ಕೂತು ಅವಳು ಹಾಳೆ ತಿರುವಿ ನೋಡಿದಳು. ಒಂದು ಅಂಕಿಯೂ ಹೆಚ್ಚುಕಡಿಮೆ ಇಲ್ಲ. ಪರಮಾನಂದ ಸರ್ ಫೋನಿನಲ್ಲಿ, "ಭೇಷ್ ತಂಗಿ, ರಬಕವಿ ಕಡೆ ಹೋದವರು ನಿನ್ನ ನೋಡಿ ಕಲೀಬೇಕು" ಎಂದರು.

ಮೂರನೆಯ ದಿನ ಆ ಹೊಗಳಿಕೆ ಅವಳಿಗೆ ಸರಿ ಕಾಣದಾಯಿತು. ಹದಿನೆಂಟನೆಯ ಮನೆಯ ಮುದುಕಿ ಈ ನಡುವೆ ಬಚ್ಚಲಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಳು. ನೋವಿಗೆ ಹಲ್ಲು ಕಚ್ಚಿ ಮಲಗಿದ್ದವಳು ನಿದ್ದೆಯ ಪ್ರಶ್ನೆಗೆ, "ತೊಂದ್ರಿ ಇಲ್ಲವಾ, ಒಂದ ದಿನಾನೂ ಇಲ್ಲ" ಎಂದಳು. ಇಪ್ಪತ್ಮೂರನೆಯದು ಗಿರಿಮಲ್ಲಪ್ಪನ ಮನೆ. ಅವನ ಹೆಂಡತಿ ಈ ಹದಿನೈದು ದಿನಗಳಲ್ಲಿ ಬಿಟ್ಟುಹೋಗಿದ್ದಳು; ಎಲ್ಲಿಗೆ ಎಂದು ಓಣಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಒಲೆಯ ಬೂದಿ ತೆಗೆದು ಎಷ್ಟು ದಿನವಾಗಿತ್ತೋ. ಅವನು ಒಂಬತ್ತೂ ಪ್ರಶ್ನೆಗೆ ಒಂದೇ ಮಾತು ಹೇಳಿದ: "ಆರಾಮ ಅದೀನ್ರಿ." ಮೊದಲ ಸಲವೂ ಅದನ್ನೇ ಹೇಳಿದ್ದ. ಒಂಬತ್ತು ಸೊನ್ನೆ.

ನಿಯಮ ಸ್ಪಷ್ಟವಿತ್ತು. ಕೇಳುವವಳು ತನ್ನ ಕಣ್ಣಿಗೆ ಕಂಡದ್ದನ್ನು ಬರೆಯಬಾರದು. ಅವರು ಹೇಳಿದ್ದನ್ನು ಮಾತ್ರ ಬರೆಯಬೇಕು. ಸಂಘಮಿತ್ರಾ ಬರೆದಳು.

ಅಂದಾನೆಪ್ಪನದು ಇಪ್ಪತ್ತೇಳನೆಯ ಮನೆ. ಕರೆಂಟು ಹೋಗಿ ಓಣಿ ಒಮ್ಮೆಲೇ ಸುಮ್ಮನಾಗಿತ್ತು. ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅವಳು ಬಾಗಿಲಲ್ಲಿ ನಿಂತು ಎರಡು ಸಲ ಕರೆದರೂ ತಿರುಗಲಿಲ್ಲ. ಎದುರಿಗೆ ಬಂದಾಗ ತಲೆ ಎತ್ತಿದ.

"ಬರಕೋರಿ ಅಕ್ಕಾರ," ಎಂದ. "ಸೊನ್ನಿ, ಸೊನ್ನಿ, ನಿದ್ದಿಗೆ ಒಂದು, ಉಳದದ್ದೆಲ್ಲಾ ಸೊನ್ನಿ."

"ನಾ ಇನ್ನೂ ಕೇಳಿಲ್ಲರಿ ಕಾಕಾ."

"ಅವತ್ತ ಕೇಳೀರಲ್ಲ. ಅವತ್ತ ಏನ ಹೇಳೇನಿ, ಅದ ಬರಕೋರಿ."

ಅವಳು ನಿಯಮದಂತೆ ಒಂದೊಂದಾಗಿ ಕೇಳಿದಳು. ಅವನು ಅವಳ ತುಟಿಯನ್ನೇ ನೋಡುತ್ತ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟ. ಒಂಬತ್ತನೆಯದಕ್ಕೂ ಹಾಗೆಯೇ. ಬರೆದು ಮುಗಿಸಿ ತಲೆ ಎತ್ತಿದಾಗ ಅವಳ ಕಣ್ಣು ಗೋಡೆಯ ಗೂಟಕ್ಕೆ ಹೋಯಿತು. ಹೋದ ಸಲ ಅಲ್ಲಿ ಪಾನಾಗಳ ಚೀಲ ತೂಗುತ್ತಿತ್ತು. ಈಗ ಬರೀ ಗೂಟ.

"ಚೀಲ ಎಲ್ಲಿ ಐತ್ರಿ?"

"ಕೊಟ್ನಿ."

"ಯಾರಿಗೆ?"

"ಶಿವಪುತ್ರಗ."

ಮರೆವ್ವ ಒಳಗಿನಿಂದ ಹೊರಗೆ ಬಂದು, ಗಂಡನ ಮುಖ ನೋಡಿ ಒಳಗೆ ಹೋದಳು.

ಸಂಘಮಿತ್ರಾ ಹಾಳೆ ಮಡಚಿಕೊಂಡು ಪಕ್ಕದ ಮನೆಗೆ ನಡೆದಳು. ಅಲ್ಲಿ ರತ್ನಾಬಾಯಿ ಕಟ್ಟೆಯ ಮೇಲೆ ಕೂತು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಓಣಿಯ ಸುದ್ದಿಯೆಲ್ಲ ಅವಳಲ್ಲಿ ಜಮಾ ಆಗುತ್ತಿತ್ತು.

"ಶಿವಪುತ್ರ ಅಂದರ ಯಾರ್ರಿ ಅಕ್ಕಾ?"

"ಆ ಕಡೆ ಓಣಿ ಜಾಬರ. ಇವರಿಬ್ಬರದು ಹನ್ನೆರಡು ವರ್ಷ ಮಾತಿಲ್ಲ, ಕತಿ ಇಲ್ಲ. ಮೊನ್ನಿ ಇಂವ ತಾನ ಎದ್ದು ಹೋಗಿ ಚೀಲ ಕೊಟ್ಟು ಬಂದಾನ. ಅದೂ ಖಂಡೇಪೂಜಿ ಹತ್ತರ ಬಂದಿರಬೇಕಾದರ. ಪೂಜಿ ಮಾಡೂ ಹತ್ಯಾರ ಯಾರರ ಕೊಡತಾರೇನವಾ?" ಕಂಡಿಕೆ ತಿರುಗುತ್ತಲೇ ಇತ್ತು. "ಕಿವಿ ಹೋಗ್ಯಾವ ಅವಗ. ಒಂದ ವರ್ಷಾತು, ಯಾರಿಗೂ ಹೇಳಿಲ್ಲ. ಮಗ್ಗದ ಮುಂದ ನಿಲ್ಲತಿದ್ದ, ಕೇಳಿಸಿದವರ ಗತೆ ತಲಿ ಹಾಕಿ, ಅಂದಾಜ ಮ್ಯಾಲ ಏನರ ಬಿಚ್ಚತಿದ್ದ. ಹೋದ ವಾರ ಒಬ್ಬರ ಮಗ್ಗ ಮುರೀತು. ಅವತ್ತಿಂದ, ಚೀಲ ಕೊಡಾಕ ಹೋಗಿದ್ದು ಬಿಟ್ಟರ, ಹೊರಗ ಬಿದ್ದಿಲ್ಲ."

"ನನ್ನ ಮುಂದ ಅವರು ಎಲ್ಲಾ ಸೊನ್ನಿ ಹೇಳಿದರು."

"ಮತ್ತೇನ ಹೇಳತಾನ? ಓಣಿಗೆಲ್ಲಾ ಹೇಳಿದಾಂವ ಅಂವನ."

"ಏನ ಹೇಳ್ಯಾರು?"

ರತ್ನಾಬಾಯಿ ಸುತ್ತುವುದನ್ನು ನಿಲ್ಲಿಸಿದಳು. ಈ ಹುಡುಗಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದಳು.

"ನೀ ಮೊದಲ ಸಲ ಹ್ವಾದ ದಿನ ಮನಿ ಮನಿಗೆ ಬಂದಿದ್ದನವಾ. ಎರಡನೇ ಸಲ ಬಂದಾಗ ಮೊದಲ ಏನ ಹೇಳೀರಿ, ಅದ ಹೇಳ್ರಿ, ಒಂದ ಅಕ್ಷರ ತಪ್ಪಬ್ಯಾಡ್ರಿ, ಬಡವರ ಹುಡಗಿ ಕೆಲಸದ್ದೈತಿ ಅಂದ. ನೆನಪ ಇರಲಾರದವರು ಚೀಟಿ ಬರದಿಟ್ಟಾರ. ನಾನೂ ಬರದಿಟ್ಟೇನಿ, ತೋರಸಲೇನು?"

ಸಂಘಮಿತ್ರಾ ಕಟ್ಟೆಯ ಮೇಲೆ ಕೂತಳು. ಇಪ್ಪತ್ತೇಳು ಮನೆಗಳ ಹಾಳೆಗಳು ತೊಡೆಯ ಮೇಲಿದ್ದವು. ಒಂದೂ ಕಾಟಿಲ್ಲದ ಹಾಳೆಗಳು. ಮುರಿದ ಕಾಲಿನ ಮುದುಕಿಯ ಸೊನ್ನೆ ಅವಳಿಗೆ ಈಗ ಅರ್ಥವಾಯಿತು. ಇಪ್ಪತ್ತೇಳು ಮನೆಯ ಜನ ತನಗೆ ಕೊಟ್ಟದ್ದು ತಮ್ಮ ಮನಸ್ಸಿನ ಸುದ್ದಿಯಲ್ಲ. ಒಬ್ಬ ಮನುಷ್ಯನಿಗೆ ಕೊಟ್ಟ ಮಾತು. ಆ ಮನುಷ್ಯ ತನ್ನ ಹತ್ಯಾರಗಳನ್ನು ಹಗೆಯವನ ಕೈಗೆ ಕೊಟ್ಟು ಬರಿಗೂಟದ ಕೆಳಗೆ ಕೂತಿದ್ದ.

ಅಂದಾನೆಪ್ಪನನ್ನು ಡಾಕ್ಟರರ ಹತ್ತಿರ ಕಳಿಸಬೇಕೆಂದು ಅವಳು ಅಲ್ಲಿಂದಲೇ ಪರಮಾನಂದ ಸರ್‌ಗೆ ಫೋನು ಮಾಡಿದಳು.

"ಒಟ್ಟು ಎಷ್ಟು ಬಂತು?" ಎಂದರು ಅವರು.

"ಒಂದು, ಸರ್."

"ಒಂಬತ್ತನೇದು?"

"ಸೊನ್ನಿ."

"ಮತ್ತ ಹೆಂಗ ಕಳಸ್ತೀ ತಂಗಿ? ಡಾಕ್ಟರ ವಾರದಾಗ ಒಂದ ದಿನ ಬರತಾರ. ಹತ್ತು ದಾಟಿದವರs ಸಾಲು ಹಚ್ಚಿ ಕುಂತಾರ. ಒಂದು ಬಂದವನ್ನ ಕಳಸಿದರ ನನ್ನ ಕೇಳತಾರ."

"ಸರ್, ಆ ಅಂಕಿ ಖರೆ ಅಲ್ಲ."

"ಎರಡು ಸಲನೂ ಅದs ಬಂದದ ಅಂತೀ. ಮತ್ತ ಖರೆ ಅಲ್ಲ ಅಂತೀ."

ಸಂಘಮಿತ್ರಾ ಫೋನು ಇಟ್ಟಳು. ಸರ್ ಕೆಟ್ಟವರಲ್ಲ, ಅವರ ಮುಂದೆ ಇದ್ದದ್ದು ಹಾಳೆ, ಹಾಳೆಯಲ್ಲಿ ಇದ್ದದ್ದು ಒಂದು. ಆ ಒಂದನ್ನು ಬರೆದವಳು ತಾನೇ. ಹಾಳೆ ಬದಲಾಗದೆ ಡಾಕ್ಟರರ ಬಾಗಿಲು ತೆರೆಯುವಂತಿರಲಿಲ್ಲ, ಆ ಮನುಷ್ಯ ಬಾಯಿ ಬಿಡದೆ ಹಾಳೆ ಬದಲಾಗುವಂತಿರಲಿಲ್ಲ, ಮಾತು ಕೊಟ್ಟ ಮನುಷ್ಯ ಬಾಯಿ ಬಿಡುವಂತಿರಲಿಲ್ಲ.

ಅವಳು ಮತ್ತೆ ಇಪ್ಪತ್ತೇಳನೆಯ ಮನೆಗೆ ಹೋದಳು. ಅಂದಾನೆಪ್ಪ ಅದೇ ಗೋಡೆಗೆ ಒರಗಿದ್ದ. ಮರೆವ್ವ ಈಗ ಅವನಿಂದ ನಾಲ್ಕು ಮಾರು ದೂರ, ಬಾಗಿಲ ಹತ್ತಿರ ಕೂತಿದ್ದಳು. ಅವಳ ಕೂರುವಿಕೆ ಕಾವಲು ಕೂತವರ ಹಾಗಿತ್ತು.

"ಎರಡ ದಿನಾತವಾ, ಹಿಂಗ ಕುಂತೇನಿ," ಎಂದಳು ಮರೆವ್ವ ತಗ್ಗಿದ ದನಿಯಲ್ಲಿ. ಗಂಡನಿಗೆ ಕೇಳಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಆದರೂ ತಗ್ಗಿಸಿದಳು. "ನೀರಿಗೆ ಹೋಗಬೇಕಂದರ ಅಂಜಿಕಿ."

ಸಂಘಮಿತ್ರಾ ಅಂದಾನೆಪ್ಪನ ಎದುರಿಗೆ, ಅವನ ಕಣ್ಣಿಗೆ ತುಟಿ ಕಾಣುವಂತೆ ಕೂತಳು.

"ಕಾಕಾ, ಮತ್ತ ಒಂದರಿಂದ ಕೇಳತೇನಿ."

"ಹೇಳೇನಲ್ಲ."

"ಅದು ಖರೆ ಅಲ್ಲರಿ."

"ಖರೆ ಸುಳ್ಳು ನಿಮಗ್ಯಾಕ? ಕೂಡಿ ಬಂತಿಲ್ಲೋ? ನಿಮ್ಮ ಕೆಲಸ ಆತು, ಹೋಗ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಕೆಲಸ ಮುಗಿಸಿ ಕೈ ತೊಳೆದವನ ದನಿ ಅದು. ಅವಳಿಗೆ ಸಿಟ್ಟಿಗಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಕೊಟ್ಟ ಮಾತು ಕೊಟ್ಟಾಂವ ಹಿಂದಕ ತಗೋಳಾಕ ಬರೂದಿಲ್ಲ ಅಕ್ಕಾರ."

"ಇಸಕೊಂಡವರು ವಾಪಸ್ ಕೊಟ್ಟರ?"

ಕೊಟ್ಟ ಮಾತನ್ನು ಇಸಕೊಂಡವನು ಬಿಟ್ಟುಕೊಡಬಹುದು; ಇದು ಆ ಸೀಮೆಯ ವ್ಯಾಪಾರಿಗಳಲ್ಲಿ, ನೇಕಾರರಲ್ಲಿ, ಹೆಣ್ಣು ಕೊಟ್ಟು ತರುವಲ್ಲಿ ಎಲ್ಲ ಕಡೆ ನಡೆದುಬಂದ ರೀತಿ. ಸಂಘಮಿತ್ರಾ ಚೀಲದಿಂದ ಅವನ ಮೊದಲ ಸುತ್ತಿನ ಹಾಳೆ ತೆಗೆದಳು. ಮೂಲ ಹಾಳೆ, ಸಂಸ್ಥೆಯ ಮೊಹರು ಇದ್ದದ್ದು, ಕಳೆದರೆ ಕೆಲಸದಿಂದ ತೆಗೆಯುವಂಥದ್ದು. ಅವನ ಕಣ್ಣೆದುರು ಅದನ್ನು ಎರಡು ತುಂಡು ಮಾಡಿದಳು, ಆಮೇಲೆ ನಾಲ್ಕು. ತುಂಡುಗಳನ್ನು ಅವನ ಕೈಯಲ್ಲಿ ಇಟ್ಟಳು.

"ನಿಮ್ಮ ಮಾತು ನಿಮಗ ವಾಪಸ್ ಕೊಟ್ಟೇನಿ. ನನ್ನ ಕೆಲಸ ಇನ್ನ ಉಳಿಯೂದಿಲ್ಲ, ನೀವ ಕಾಯೂದೂ ಬ್ಯಾಡ."

ಅಂದಾನೆಪ್ಪ ಆ ತುಂಡುಗಳನ್ನು ಅಂಗೈಯಲ್ಲಿ ಕೂಡಿಸಿ ನೋಡಿದ. ಆಮೇಲೆ, "ಹುಚ್ಚಿ ಅದೀ," ಎಂದ. ಅದುವರೆಗಿನ ಅಕ್ಕಾರ, ರೀ ಎರಡೂ ಹೋಗಿದ್ದವು. "ಕೇಳು."

ಅವಳು ಹೊಸ ಹಾಳೆ ತೆಗೆದು ಕೇಳಿದಳು. ನಿದ್ದೆಗೆ ಮೂರು. ಊಟಕ್ಕೆ ಮೂರು. ಕೆಲಸದ ಪ್ರಶ್ನೆಗೆ ಅವನು ನಕ್ಕು, ಕೆಲಸ ಎಲ್ಲಿದೆ ಎಂದು ಗೂಟ ತೋರಿಸಿದ, ಮೂರು. ಮನೆಯವರಿಗೆ ಭಾರವಾದೆನೆಂಬ ಪ್ರಶ್ನೆ ಕೇಳುವಾಗ ಮರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಒಂಬತ್ತನೆಯದಕ್ಕೆ ಸಪ್ಪಳದಲ್ಲಿ ದುಡಿದವರ ಹಾಗೆ ಬಲಗೈ ಎತ್ತಿ ಬೆರಳು ತೋರಿಸಿದ. ಆಗ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಡಿಯತೊಡಗಿದವು. ಅವಳು ಮೂರು ಎಂದು ಬರೆದು, ಅಲ್ಲೇ ನಿಂತು ಫೋನು ಮಾಡಿದಳು.

ಈ ಸಲ ಬಾಗಿಲು ತೆರೆಯಿತು. ಮನುಷ್ಯ ಅವನೇ, ಹಾಳೆ ಬೇರೆ. ಸಂಜೆಯೊಳಗೆ ಗಂಡ ಹೆಂಡತಿ ಇಬ್ಬರೂ ಜಮಖಂಡಿಯಲ್ಲಿ, ತುರ್ತಾಗಿ ಕರೆಸಿದ ಡಾಕ್ಟರರ ಮುಂದೆ ಇದ್ದರು. ಗುಳಿಗೆ ಸುರುವಾದವು, ಕಿವಿಗೂ ಯಂತ್ರದ ಮಾತಾಯಿತು. ಖಂಡೇಪೂಜೆಯ ದಿನ ಶಿವಪುತ್ರ ಚೀಲ ತಂದು ಮತ್ತೆ ಅದೇ ಗೂಟಕ್ಕೆ ಹಾಕಿ, ಮಾತಾಡದೆ ಹೋದ. ಅಂದಾನೆಪ್ಪ ಗುಣವಾದ ಎಂದು ಹೇಳಲು ಬರುವುದಿಲ್ಲ. ಮರೆವ್ವ ನೀರಿಗೆ ಹೋಗಿ ಬರುವಷ್ಟಾದ.

ಉಳಿದ ಹದಿಮೂರು ಮನೆಗಳೂ ಹಾಗೆಯೇ ಕೂಡಿ ಬಂದ ಮೇಲೆ ಸಂಘಮಿತ್ರಾ ನಡೆದದ್ದನ್ನೆಲ್ಲ ಬರೆದು ಪರಮಾನಂದ ಸರ್‌ಗೆ ಕೊಟ್ಟಳು. ಈ ಓಣಿಯ ನಲವತ್ತೂ ಹಾಳೆಗಳು ಕೆಟ್ಟಿವೆ, ಹಿಡಿಯಬೇಡಿ ಎಂದಳು. ಅವರು ಎರಡು ದಿನ ಯೋಚಿಸಿದರು. ಹರಿದ ಹಾಳೆಯ ಒಂದು ಮನೆಯನ್ನು ಕೈಬಿಟ್ಟರು, ಉಳಿದ ಮೂವತ್ತೊಂಬತ್ತನ್ನು ಇಟ್ಟುಕೊಂಡರು, ಮೂಲ ಹಾಳೆ ಹರಿದವಳನ್ನೂ ಕೈಬಿಟ್ಟರು. ವರದಿಯಲ್ಲಿ ಬನಹಟ್ಟಿಯ ಅಂಕಿಯೇ ಎಲ್ಲಕ್ಕಿಂತ ಮೇಲಿತ್ತು. ಪ್ರಶ್ನಪಟ್ಟಿ ನಂಬಬಹುದಾದ್ದು ಎಂದು ಅಚ್ಚಾಯಿತು. ಮುಂದಿನ ತಿಂಗಳಿನಿಂದ ಮುಧೋಳ, ಬೀಳಗಿ, ಗಲಗಲಿ, ತೇರದಾಳ ಎಲ್ಲ ಕಡೆ ಅದೇ ಹಾಳೆ ಹೋಗುವುದಿತ್ತು.

ಕೆಲಸ ಹೋದ ಮೂರನೆಯ ದಿನ ಅವಳು ಬರಿಗೈಯಲ್ಲಿ ಬನಹಟ್ಟಿಯ ಬಸ್ಸು ಹತ್ತಿದಳು. ಉಳಿದ ಮೂವತ್ತೊಂಬತ್ತು ಮನೆಯವರಿಗೂ ಅವರ ಮಾತು ವಾಪಸ್ ಕೊಡಬೇಕಿತ್ತು. ಹರಿದು ಕೊಡಲು ಹಾಳೆ ಇರಲಿಲ್ಲ; ಅವು ಜಮಖಂಡಿಯ ಕಪಾಟಿನಲ್ಲಿ ಬೀಗದೊಳಗಿದ್ದವು. ಮೊದಲು ಇಪ್ಪತ್ತೇಳನೆಯ ಮನೆಗೆ ಹೋಗಿ ಹೇಳಿದಳು.

"ನಾ ಹಿಡಿಸಿದ ಮಾತು, ನಾನ ಬಿಡಸ್ತೇನಿ," ಎಂದು ಅಂದಾನೆಪ್ಪ ಎದ್ದ. ರೂಢಿಯಂತೆ ಚೀಲ ಹೆಗಲಿಗೆ ಹಾಕಿಕೊಂಡ. "ಎಲ್ಲಿಂದ ಸುರು ಮಾಡೂಣು?"

"ಇಪ್ಪತ್ಮೂರು," ಎಂದಳು. ಅಂಕಿಗಳು ಅವಳ ತಲೆಯಿಂದ ಇನ್ನೂ ಹೋಗಿರಲಿಲ್ಲ. "ಗಿರಿಮಲ್ಲಪ್ಪನ ಮನಿ."

ಬಾಗಿಲು ಮುಚ್ಚಿತ್ತು. ಒಳಗೆ ಮಗ್ಗ ಓಡುತ್ತಿತ್ತು. ಸಂಘಮಿತ್ರಾಗೆ ಸಮಾಧಾನವಾಯಿತು, ಮಗ್ಗ ಓಡುತ್ತಿದ್ದರೆ ಮನುಷ್ಯ ಕೆಲಸದಲ್ಲಿದ್ದಾನೆ. ಅಂದಾನೆಪ್ಪ ಕಿವಿಗೊಡಲು ಹೋಗಲಿಲ್ಲ. ಗೋಡೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತ. ಹತ್ತು ಬಡಿತ, ಇಪ್ಪತ್ತು ಬಡಿತ. ಕಣ್ಣು ತೆರೆದ.

"ನೂಲ ಇಲ್ಲದ ಬಡ್ಯಾಕತ್ತೈತಿ," ಎಂದ. "ಕಂಡಿಕಿ ತೀರಿ ಬಾಳ ಹೊತ್ತಾಗೇತಿ. ಮಗ್ಗದ ಹತ್ತರ ಯಾರೂ ಇಲ್ಲ."

ಕೂಗಿದರು, ಬಡಿದರು, ಆ ಸಪ್ಪಳದಲ್ಲಿ ಯಾವುದೂ ಒಳಗೆ ಹೋಗುವಂತಿರಲಿಲ್ಲ. ಚಿಲಕ ಒಳಗಿನಿಂದ ಹಾಕಿತ್ತು. ಅಂದಾನೆಪ್ಪ ಚೀಲ ಇಳಿಸಿ ಪಾನಾ ತೆಗೆದ. ಒಂದು ವರ್ಷದಿಂದ ಅಂದಾಜಿನ ಮೇಲೆ ಓಡುತ್ತಿದ್ದ ಕೈ ಈಗ ನೇರ ಕೀಲಿಗೇ ಹೋಯಿತು. ಬಾಗಿಲ ಕೀಲಿನ ಬೋಲ್ಟು ಒಂದೊಂದಾಗಿ ಕೆಳಗೆ ಬಿದ್ದವು. ಅವನು ಬಾಗಿಲನ್ನು ಪಕ್ಕಕ್ಕೆ ಎತ್ತಿಟ್ಟ.

ಒಳಗೆ ಬರಿಯ ಲಾಳಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡುತ್ತಿತ್ತು. ಮಗ್ಗದ ಹಿಂದಿನ ಮೂಲೆಯಲ್ಲಿ, ಕತ್ತಲಿನಲ್ಲಿ, ಗಿರಿಮಲ್ಲಪ್ಪ ಮೊಣಕಾಲು ತಬ್ಬಿ ನೆಲದ ಮೇಲೆ ಕೂತಿದ್ದ. ಯಾವಾಗಿನಿಂದ ಕೂತಿದ್ದನೋ. ಸಂಘಮಿತ್ರಾ ಮಗ್ಗ ನಿಲ್ಲಿಸಿ ಅವನ ಎದುರಿಗೆ ಬಂದು ಕೂತಳು. ಅವನು ತಲೆ ಎತ್ತಿ ಅವಳ ಗುರುತು ಹಿಡಿದ. ಅವಳ ಬರಿಗೈ ನೋಡಿದ, ಹಾಳೆ ಎಲ್ಲಿದೆ ಎಂದು ಹುಡುಕುವವನಂತೆ.

"ಆರಾಮ ಅದೀನ್ರಿ," ಎಂದ.